ತಡವಾಗಿ ಬಂದ ವೈದ್ಯರು, ಹೊರಟುಹೋಗಿದ್ದ ರೈಲು: ಇಂಗ್ಲಿಷ್ ವ್ಯಾಕರಣಾಭ್ಯಾಸದ ವಾಕ್ಯಗಳ ಒಂದು ಗಡಿನಾಡ ಓದು

ಸಾಹಿತ್ಯವಿಮರ್ಶೆಯು ತನ್ನ ಗಮನಕ್ಕೆ ತಕ್ಕುದಲ್ಲವೆಂದು ಬದಿಗಿರಿಸಿರುವ ಬರಹಗಳಲ್ಲಿ ವ್ಯಾಕರಣಾಭ್ಯಾಸದ ವಾಕ್ಯವೂ ಒಂದು. ಅದಕ್ಕೆ ಕರ್ತೃವಿನ ಹೆಸರಿಲ್ಲ, ಹಿಂದುಮುಂದಿನ ಸಂದರ್ಭವಿಲ್ಲ, ಒಂದು ವಾಕ್ಯಕ್ಕೂ ಅದರ ಮುಂದಿನದಕ್ಕೂ ಕ್ರಮಸಂಖ್ಯೆಯ ಹೊರತು ಬೇರೆ ನಂಟಿಲ್ಲ. ವೈದ್ಯರು ಬರುವಷ್ಟರಲ್ಲಿ ರೋಗಿ ತೀರಿಕೊಂಡಿದ್ದ. ನಾವು ನಿಲ್ದಾಣ ಸೇರುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಪೊಲೀಸರು ಬರುವ ಮೊದಲೇ ಕಳ್ಳ ಓಡಿಹೋಗಿದ್ದ. ಭಾರತದಲ್ಲಿ ಇಂಗ್ಲಿಷ್ ಕಲಿತ ಹಲವು ತಲೆಮಾರುಗಳಿಗೆ ಈ ವೈದ್ಯರೂ ಈ ಕಳ್ಳನೂ ಚಿರಪರಿಚಿತರು. ಪಠ್ಯದಲ್ಲಿದ್ದ ಪದ್ಯಗಳನ್ನು ಮರೆತವರೂ ಇವರನ್ನು ಮರೆತಿಲ್ಲ. ಇಷ್ಟು ಜನ ಕೈಯಾರೆ ಬರೆದ, ತಿದ್ದಿಸಿಕೊಂಡ, ಮತ್ತೆ ಬರೆದ ಬರಹವೊಂದಿದ್ದರೆ ಅದರಲ್ಲಿ ಜಗತ್ತು ಹೇಗೆ ಕಾಣುತ್ತದೆ, ಅದು ಓದುಗನನ್ನು ಯಾರೆಂದು ಭಾವಿಸುತ್ತದೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಹೌದು.

ಅಭ್ಯಾಸಪುಸ್ತಕದ ಎರಡು ಅಧ್ಯಾಯಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಒಂದು, ಪಾಸ್ಟ್ ಪರ್ಫೆಕ್ಟ್ ಎಂಬ ಪೂರ್ಣಭೂತ. ಇನ್ನೊಂದು, ರಿಲೇಟಿವ್ ಪ್ರೊನೌನ್ ಎಂಬ ಸಂಬಂಧಾರ್ಥಕ ಸರ್ವನಾಮ. ಈ ಎರಡನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಮೊದಲನೆಯದು ಕನ್ನಡದಲ್ಲಿ ಇದೆ. ಎರಡನೆಯದು ಇಂಗ್ಲಿಷಿನ ಅರ್ಥದಲ್ಲಿ ಇಲ್ಲ. ನಮ್ಮ ತರಗತಿಗಳು ಮಾತ್ರ ಎರಡನ್ನೂ ಕನ್ನಡದಲ್ಲಿ ಇಲ್ಲವೆಂಬಂತೆಯೇ ಕಲಿಸುತ್ತವೆ.

ಈ ಬಗೆಯ ಪುಸ್ತಕಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ರೆನ್ ಅಂಡ್ ಮಾರ್ಟಿನ್’ 1930ರ ದಶಕದ್ದು. ಅದರ ಕರ್ತೃಗಳಲ್ಲೊಬ್ಬರಾದ ಪಿ. ಸಿ. ರೆನ್ ಭಾರತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯನ್ನು ಬರೆದು ಹೆಸರಾದವರೂ ಅವರೇ. ಕಥೆಯನ್ನು ಹಿಂದುಮುಂದಾಗಿ ಹೇಳಿ ಓದುಗನನ್ನು ಕಾಯಿಸುವ ಕಲೆಯನ್ನು ಬಲ್ಲ ಕಾದಂಬರಿಕಾರರೊಬ್ಬರ ಹೆಸರು, ಸಂದರ್ಭವನ್ನೇ ಕಳಚಿಟ್ಟ ಒಂಟಿ ವಾಕ್ಯಗಳ ಪರಂಪರೆಗೆ ಅಂಟಿಕೊಂಡದ್ದು ಒಂದು ತಮಾಷೆ. ಆ ಪುಸ್ತಕವನ್ನೇ ನಾನಿಲ್ಲಿ ಗುರಿಯಾಗಿಸಿಲ್ಲ. ಅದರ ಅಚ್ಚಿನಲ್ಲಿ ಎರಕಗೊಂಡು ಇಂದಿಗೂ ಗೈಡುಗಳಲ್ಲಿ, ಕರಿಹಲಗೆಯ ಮೇಲೆ, ಪ್ರಶ್ನೆಪತ್ರಿಕೆಗಳಲ್ಲಿ ಬದುಕಿರುವ ಒಂದು ರೂಢಿ ನನ್ನ ವಿಷಯ.

ಪೂರ್ಣಭೂತದ ಅಧ್ಯಾಯ ಕಲಿಸುವ ಸೂತ್ರ ಹೀಗಿದೆ: ಕಳೆದುಹೋದ ಕಾಲದಲ್ಲಿ ಎರಡು ಘಟನೆಗಳು ನಡೆದಿದ್ದರೆ ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಹಚ್ಚಬೇಕು. ಸೂತ್ರವೇನೋ ಸುಳ್ಳಲ್ಲ. ಆದರೆ ಅದನ್ನು ಅಭ್ಯಾಸ ಮಾಡಿಸಲು ಆರಿಸುವ ವಾಕ್ಯಗಳನ್ನು ನೋಡಿ. ಅವುಗಳಲ್ಲಿ ಹೆಚ್ಚಿನವು ‘ಬಿಫೋರ್’ ಅಥವಾ ‘ಆಫ್ಟರ್’ ಇರುವಂಥವು. ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ಆ ಶಬ್ದಗಳೇ ಹೇಳಿಬಿಡುವುದರಿಂದ ಅಲ್ಲಿ ‘ಹ್ಯಾಡ್’ ಇರಲೇಬೇಕೆಂಬ ಒತ್ತಾಯ ಇಂಗ್ಲಿಷಿನಲ್ಲೇ ಇಲ್ಲ. ಸಾಮಾನ್ಯ ಭೂತಕಾಲದಲ್ಲಿ ಹೇಳಿದರೂ ಯಾವ ಇಂಗ್ಲಿಷ್ ಭಾಷಿಕನೂ ಹುಬ್ಬೇರಿಸುವುದಿಲ್ಲ. ‘ಹ್ಯಾಡ್’ ನಿಜವಾಗಿ ದುಡಿಯುವುದು ‘ವೆನ್’ ಬಂದಾಗ. ನಾವು ಮುಟ್ಟಿದಾಗ ರೈಲು ಹೊರಟಿತು ಎಂದರೆ ಓಡಿ ಹತ್ತುವ ಸಾಧ್ಯತೆ ಉಂಟು. ಹೊರಟುಹೋಗಿತ್ತು ಎಂದರೆ ಹಳಿ ಮಾತ್ರ ಉಳಿದಿದೆ. ಒಂದು ರೂಪ ಅನಿವಾರ್ಯವಾಗುವ ಜಾಗವನ್ನು ಬಿಟ್ಟು ಅದು ಅಲಂಕಾರಪ್ರಾಯವಾಗುವ ಜಾಗದಲ್ಲೇ ಅದನ್ನು ನೂರು ಬಾರಿ ಬರೆಯಿಸುವುದರಿಂದ ರೂಪ ಬಾಯಿಗೆ ಬರುತ್ತದೆ, ಅದರ ಅಗತ್ಯ ಮನಸ್ಸಿಗೆ ಬರುವುದಿಲ್ಲ.

ಹಾನ್ಸ್ ರೈಷನ್‌ಬಾಖ್ 1947ರ ತಮ್ಮ ತರ್ಕಶಾಸ್ತ್ರದ ಗ್ರಂಥದಲ್ಲಿ ಕಾಲರೂಪಗಳನ್ನು ಮೂರು ಬಿಂದುಗಳಿಂದ ವಿವರಿಸಿದ್ದರು: ಘಟನೆ ನಡೆದ ಬಿಂದು, ಮಾತನಾಡುತ್ತಿರುವ ಬಿಂದು, ಇವೆರಡರ ನಡುವೆ ನಾವು ನಿಂತು ನೋಡುವ ಬಿಂದು. ಪೂರ್ಣಭೂತದಲ್ಲಿ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ. ಅಭ್ಯಾಸಪುಸ್ತಕ ಮರೆಸುವುದು ಈ ನಡುವಿನ ಬಿಂದುವನ್ನು. ಎರಡು ಘಟನೆಗಳಿಗೆ ಒಂದು, ಎರಡು ಎಂದು ಅಂಕಿ ಹಾಕುವುದಕ್ಕಷ್ಟೇ ಅದು ಮಗುವನ್ನು ತಯಾರು ಮಾಡುತ್ತದೆ. ಪೂರ್ಣಭೂತ ಅಂಕಿಯ ವಿಷಯವಲ್ಲ, ನಿಲುವಿನ ವಿಷಯ. ಕಥೆಗಾರ ಎಲ್ಲಿ ನಿಂತು ಹಿಂದಕ್ಕೆ ತಿರುಗುತ್ತಿದ್ದಾನೆ ಎಂಬುದನ್ನು ಅದು ತೋರಿಸುತ್ತದೆ. ಕನ್ನಡದ ಕಥೆಗಾರರು ಹಳೆಯದನ್ನು ನೆನೆಯುವಾಗ ಮೊದಲ ಒಂದೆರಡು ವಾಕ್ಯಗಳನ್ನು ‘ಬಂದಿದ್ದಳು’, ‘ಕೇಳಿದ್ದಳು’ ಎಂದು ಬರೆದು, ಓದುಗ ಹಿಂದಕ್ಕೆ ಹೋದನೆಂದು ಖಾತ್ರಿಯಾದ ಮೇಲೆ ‘ಬಂದಳು’, ‘ಕೇಳಿದಳು’ ಎಂಬ ಸರಳ ಭೂತಕ್ಕೆ ಇಳಿದುಬಿಡುತ್ತಾರೆ. ಇಂಗ್ಲಿಷ್ ಕಥೆಗಾರರು ಮಾಡುವುದೂ ಇದನ್ನೇ. ಈ ಇಳಿಯುವಿಕೆಯನ್ನು ಒಂಟಿ ವಾಕ್ಯದ ಅಭ್ಯಾಸ ಎಂದೂ ತೋರಿಸಲಾರದು. ಅದಕ್ಕೆ ಕನಿಷ್ಠ ಒಂದು ಪರಿಚ್ಛೇದ ಬೇಕು.

ಇನ್ನು ಕನ್ನಡದ ರೂಪಕ್ಕೆ ಬರೋಣ. ‘ನಿನ್ನೆ ನಿಮ್ಮ ಮನೆಗೆ ಬಂದೆ’ ಎನ್ನುವುದಕ್ಕೂ ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎನ್ನುವುದಕ್ಕೂ ಇರುವ ಅಂತರ ಕನ್ನಡ ಮಾತಾಡುವ ಯಾವ ಮಗುವಿಗೂ ಗೊತ್ತು. ಎರಡನೆಯದರಲ್ಲಿ ಬಂದದ್ದೂ ಇದೆ, ತಿರುಗಿ ಹೋದದ್ದೂ ಇದೆ; ನೀವು ಮನೆಯಲ್ಲಿರಲಿಲ್ಲವೆಂಬ ಸಣ್ಣ ದೂರು ಕೂಡ ಕೆಲವೊಮ್ಮೆ ಇದೆ. ಬಂದ ಸ್ಥಿತಿ ಸ್ವಲ್ಪ ಹೊತ್ತು ಉಳಿದಿತ್ತು, ಈಗ ಉಳಿದಿಲ್ಲ ಎಂಬುದನ್ನು ‘ಇದ್ದೆ’ ಹೇಳುತ್ತದೆ. ಇನ್ನೊಂದು ಘಟನೆಯ ಹಂಗು ಅದಕ್ಕಿಲ್ಲ. ಈ ಮಗು ಇಂಗ್ಲಿಷಿನಲ್ಲಿ ‘ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್ಡೇ’ ಎಂದಾಗ ಕೆಂಪು ಶಾಯಿ ಬೀಳುತ್ತದೆ. ಭಾರತೀಯ ಇಂಗ್ಲಿಷಿನ ಲಕ್ಷಣಗಳನ್ನು ಪಟ್ಟಿ ಮಾಡಿದವರೆಲ್ಲ ಈ ಪ್ರಯೋಗವನ್ನು ಗುರುತಿಸಿದ್ದಾರೆ. ತಿದ್ದುವುದು ತಪ್ಪಲ್ಲ; ಇಂಗ್ಲಿಷಿನ ರೂಢಿ ಬೇರೆ. ತಿದ್ದುವಾಗ ಕೊಡುವ ಕಾರಣ ತಪ್ಪು. ‘ನಿನಗೆ ಎರಡು ಘಟನೆಗಳ ಕ್ರಮ ತಿಳಿಯದು’ ಎಂದು ಹೇಳಲಾಗುತ್ತದೆ. ನಿಜಸ್ಥಿತಿ ಎಂದರೆ, ಇಂಗ್ಲಿಷಿನ ಸರಳ ಭೂತಕಾಲ ಹೇಳದೆ ಬಿಡುವ ಒಂದು ಸೂಕ್ಷ್ಮವನ್ನು ಮಗು ಹೇಳಲು ಹೊರಟಿದೆ, ಅದಕ್ಕಾಗಿ ಹತ್ತಿರದಲ್ಲಿ ಸಿಕ್ಕ ರೂಪವನ್ನು ಎತ್ತಿಕೊಂಡಿದೆ.

ಮರಾಠಿಯಲ್ಲೂ ‘ಗೇಲೋ ಹೋತೋ’ ಎಂಬ ರೂಪ ಇದೇ ಕೆಲಸ ಮಾಡುತ್ತದೆ, ‘ನಿನ್ನೆ’ ಎಂಬುದರೊಡನೆ ಸಲೀಸಾಗಿ ಕೂಡುತ್ತದೆ. ಸೊಲ್ಲಾಪುರದ ಕನ್ನಡಿಗ ವಿದ್ಯಾರ್ಥಿಗೆ ಹೀಗಾಗಿ ಎರಡು ಕಡೆಯಿಂದಲೂ ಒಂದೇ ಪ್ರೇರಣೆ. ತೆಲುಗಿನ ಮಾತಿನಲ್ಲಿ ಈ ರೂಪಭೇದ ಅಷ್ಟಾಗಿ ಕಾಣದು. ರಾಯದುರ್ಗ, ಮಡಕಶಿರಾಗಳ ಕಡೆ ಎರಡು ಭಾಷೆಗಳನ್ನಾಡುವ ಮಗು ಈ ವಿಚಾರದಲ್ಲಿ ತೆಲುಗಿಗಿಂತ ಕನ್ನಡದಿಂದಲೇ ಇಂಗ್ಲಿಷನ್ನು ಸುಲಭವಾಗಿ ಮುಟ್ಟಬಹುದು.

ಕಾಸರಗೋಡಿನ ಮಾತು ಇನ್ನೂ ಸ್ವಾರಸ್ಯದ್ದು. ಅಲ್ಲಿನ ಹವ್ಯಕ ಕನ್ನಡದಲ್ಲಿ ‘ಬಂದ’, ‘ಬೈಂದ’, ‘ಬಂದಿತ್ತಿದ್ದ’ ಎಂಬ ಮೂರು ಬೇರೆಬೇರೆ ರೂಪಗಳಿವೆ. ತುಳುವಿನಲ್ಲಿ ‘ಬತ್ತೆ’, ‘ಬೈದೆ’, ‘ಬತ್ತಿತ್ತೆ’. ಸರಳಭೂತ, ಬಂದು ಇನ್ನೂ ಇರುವುದು, ಬಂದು ಈಗ ಇಲ್ಲದಿರುವುದು: ಇಂಗ್ಲಿಷಿನ ಮೂರು ಅಧ್ಯಾಯಗಳು ಮನೆಯ ಜಗಲಿಯಲ್ಲೇ ಸಿದ್ಧವಾಗಿವೆ. ತುಳುವಿನ ಕ್ರಿಯಾಪದದ ಈ ಶ್ರೀಮಂತಿಕೆ ಹತ್ತೊಂಬತ್ತನೆಯ ಶತಮಾನದ ಮಿಷನರಿ ವ್ಯಾಕರಣಕಾರರ ಕಣ್ಣಿಗೇ ಬಿದ್ದಿತ್ತು. ಬ್ರಿಗೆಲ್ ಅವರ ತುಳು ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು 1872ರಲ್ಲಿ. ನೂರೈವತ್ತು ವರ್ಷಗಳ ಅನಂತರವೂ ತುಳು ಮನೆಮಾತಿನ ಮಗುವಿಗೆ ಪರ್ಫೆಕ್ಟ್ ರೂಪಗಳನ್ನು ‘ನಮ್ಮ ಭಾಷೆಗಳಲ್ಲಿ ಇಲ್ಲದ ಸಂಗತಿ’ ಎಂಬ ಪೀಠಿಕೆಯೊಂದಿಗೆ ಕಲಿಸುವವರಿದ್ದಾರೆ.

ಅಭ್ಯಾಸಪುಸ್ತಕದ ಅಧ್ಯಾಯಕ್ರಮದಲ್ಲೇ ಅಡಗಿರುವ ಇನ್ನೊಂದು ಅಚಾತುರ್ಯವನ್ನು ಇಲ್ಲಿ ಹೇಳಬೇಕು. ‘ಹ್ಯಾಡ್’ ಬಳಸುವ ನಿಷೇಧಾರ್ಥಕ ಷರತ್ತಿನ ವಾಕ್ಯವನ್ನು, ಅಂದರೆ ‘ನೀನು ಬಂದಿದ್ದರೆ ಕೆಲಸ ಆಗುತ್ತಿತ್ತು’ ಎಂಬ ಬಗೆಯದನ್ನು, ಪುಸ್ತಕಗಳು ಕಟ್ಟಕಡೆಗೆ ಇಡುತ್ತವೆ, ಅತ್ಯಂತ ಕಠಿಣವೆಂದು. ಇಂಗ್ಲಿಷ್ ಕಲಿಯುವ ಜರ್ಮನನಿಗೋ ಚೀನೀಯನಿಗೋ ಅದರ ಕಷ್ಟವೆಷ್ಟೆಂಬುದು ಬೇರೆ ಮಾತು. ಕನ್ನಡದ ‘ಬಂದಿದ್ದರೆ’ಯನ್ನು ಬಿಡಿಸಿ ನೋಡಿದರೆ ಬಂದು, ಇದ್ದು, ಅರೆ, ಮಲಯಾಳದ ‘ವನ್ನಿರುನ್ನೆಂಗಿಲ್’, ತಮಿಳಿನ ‘ವಂದಿರುಂದಾಲ್’, ತೆಲುಗಿನ ‘ವಚ್ಚಿ ಉಂಟೇ’ ಇವೆಲ್ಲ ಅದೇ ಮೂರು ತುಂಡುಗಳಿಂದಾದವು. ನಡೆಯದೆ ಹೋದದ್ದನ್ನು ಹೇಳಲು ಇಂಗ್ಲಿಷ್ ಪೂರ್ಣಭೂತವನ್ನು ಕರೆದಂತೆಯೇ ನಮ್ಮ ನಾಲ್ಕೂ ಭಾಷೆಗಳು ‘ಇರು’ವನ್ನು ಕರೆಯುತ್ತವೆ. ಕಾಸರಗೋಡಿನಿಂದ ವಯನಾಡು, ತಾಳವಾಡಿ, ಹೊಸೂರುಗಳವರೆಗೆ ಮಾಧ್ಯಮ ಯಾವುದೇ ಇರಲಿ, ಮಗು ಇದನ್ನು ದಿನಾಲು ಆಡುತ್ತಿದೆ. ‘ನಾನು ಆಗಲೇ ಹೇಳಿರಲಿಲ್ಲವೇ?’ ಎಂದು ಅಮ್ಮ ಗದರುವ ಮಾತಿನಲ್ಲಿ ಪೂರ್ಣಭೂತ, ನಿಷೇಧ, ಪ್ರಶ್ನೆ ಮೂರೂ ಇವೆ. ಪುಸ್ತಕ ಇಲ್ಲಿಂದ ಆರಂಭವಾಗಬಹುದಿತ್ತು. ಅದು ರೋಗಿಯ ಸಾವಿನಿಂದ ಆರಂಭವಾಗುತ್ತದೆ.

ಸಂಬಂಧಾರ್ಥಕ ಸರ್ವನಾಮದ ಅಧ್ಯಾಯ ಇದಕ್ಕಿಂತ ಜಟಿಲ, ನಷ್ಟವೂ ಅಲ್ಲಿಯೇ ಹೆಚ್ಚು. ಅಲ್ಲಿನ ಅಭ್ಯಾಸಕ್ಕೆ ‘ಕೂಡಿಸಿ ಬರೆಯಿರಿ’ ಎಂದು ಹೆಸರು. ಇವನು ಹುಡುಗ. ಇವನು ಬಹುಮಾನ ಗೆದ್ದನು. ಎರಡನ್ನೂ ‘ಹೂ’ ಹಾಕಿ ಕೂಡಿಸಬೇಕು. ‘ಇವನು ಹುಡುಗ’ ಎಂದು ಯಾವ ಭಾಷೆಯಲ್ಲಾದರೂ ಯಾರಾದರೂ ಯಾರಿಗಾದರೂ ಹೇಳಿಯಾರೇ ಎಂಬುದು ಮೊದಲ ಸಂಶಯ. ಅದಿರಲಿ. ಕನ್ನಡದಲ್ಲಿ ಇದರ ಸಹಜ ರೂಪ ‘ಬಹುಮಾನ ಗೆದ್ದ ಹುಡುಗ ಇವನೇ’ ಎಂದು. ಇಲ್ಲಿ ಸರ್ವನಾಮದ ಮಾತೇ ಇಲ್ಲ. ಶಾಲಾ ವ್ಯಾಕರಣ ಕೃದಂತನಾಮವೆಂದು ಕರೆಯುವ ‘ಗೆದ್ದ’ ಎಂಬ ಒಂದು ಪದ ಇಡೀ ವಾಕ್ಯವನ್ನು ಹೊತ್ತು ನಾಮಪದದ ಎದುರು ನಿಲ್ಲುತ್ತದೆ. ಮಾಡಿದ, ಮಾಡುವ, ಮಾಡದ: ಮೂರು ರೂಪಗಳಲ್ಲಿ ನಡೆದದ್ದು, ನಡೆಯುವುದು, ನಡೆಯದ್ದು ಎಲ್ಲ ಮುಗಿಯಿತು. ಅಲ್ಲದೆ ‘ಇವನೇ’ ಎಂಬುದು ಕೊನೆಗೆ ಹೋಗಿ ಒತ್ತನ್ನು ಪಡೆದಿದೆ. ಇಂಗ್ಲಿಷಿನಲ್ಲಿ ಅದು ಮೊದಲಿಗೇ ಬಂದು ಕುಳಿತಿತ್ತು.

ಈ ಕೃದಂತದ ಶಕ್ತಿ ಎಷ್ಟೆಂದು ಒಂದು ಉದಾಹರಣೆಯಿಂದ ನೋಡಬಹುದು. ಅಡಿಕೆ ಸುಲಿಯುವ ಹೆಂಗಸು, ಅಡಿಕೆ ಸುಲಿಯುವ ಕತ್ತಿ, ಅಡಿಕೆ ಸುಲಿಯುವ ಅಂಗಳ, ಅಡಿಕೆ ಸುಲಿಯುವ ಕಾಲ, ಅಡಿಕೆ ಸುಲಿಯುವ ಕೂಲಿ, ಅಡಿಕೆ ಸುಲಿಯುವ ಸದ್ದು. ‘ಸುಲಿಯುವ’ ಎಂಬುದು ಎಲ್ಲೂ ಬದಲಾಗಲಿಲ್ಲ. ಇಂಗ್ಲಿಷಿಗೆ ತರುವಾಗ ಹೆಂಗಸಿಗೆ ‘ಹೂ’ ಬೇಕು, ಕತ್ತಿಗೆ ‘ವಿತ್ ವಿಚ್’ ಬೇಕು, ಅಂಗಳಕ್ಕೆ ‘ವೇರ್’, ಕಾಲಕ್ಕೆ ‘ವೆನ್’, ಕೂಲಿಗೆ ‘ಫಾರ್ ವಿಚ್’ ಎಂದೋ ಇನ್ನೇನೋ ಒಂದು ಸುತ್ತುಬಳಸು. ಸದ್ದಿಗೆ ಮಾತ್ರ ಯಾವ ಸಂಬಂಧಾರ್ಥಕ ಸರ್ವನಾಮವೂ ಒದಗದು. ಅಲ್ಲಿ ವಾಕ್ಯವನ್ನೇ ಬೇರೆ ಬಗೆಯಲ್ಲಿ ಕಟ್ಟಬೇಕು. ಕತ್ತಿಗೂ ಸುಲಿಯುವುದಕ್ಕೂ ಇರುವ ನಂಟು ಯಾವುದೆಂದು ಕನ್ನಡ ಹೇಳುವುದಿಲ್ಲ, ಕತ್ತಿ ಏನೆಂದು ಬಲ್ಲ ಕೇಳುಗನಿಗೆ ಬಿಡುತ್ತದೆ. ಜಪಾನಿಯ ಇಂಥದ್ದೇ ರಚನೆಗಳನ್ನು ಕುರಿತು ಯೋಶಿಕೊ ಮಾತ್ಸುಮೊತೊ 1997ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೋಕಜ್ಞಾನದ ಪಾತ್ರವನ್ನೇ ಮುಖ್ಯವಾಗಿಸಿತು. ಕನ್ನಡಕ್ಕೆ ಅಂಥದೊಂದು ಸವಿಸ್ತಾರ ಅಧ್ಯಯನ ನಡೆದರೆ ಅದು ಇಂಗ್ಲಿಷ್ ಅಧ್ಯಾಪಕರ ಕೈಗೂ ಹೋಗಬೇಕು.

ಈ ರಚನೆಗೆ ಕಷ್ಟಗಳೂ ಇವೆ, ಅವನ್ನು ಮುಚ್ಚಿಡುವುದು ಭಾಷಾಭಿಮಾನವಾದೀತೇ ಹೊರತು ವಿಮರ್ಶೆಯಾಗದು. ‘ಹುಲಿ ಕೊಂದ ಬೇಟೆಗಾರ’ ಎಂದಾಗ ಸತ್ತವರು ಯಾರು? ‘ಹುಲಿಯನ್ನು’ ಎಂದು ವಿಭಕ್ತಿ ಹಚ್ಚಿದರೆ ಗೊಂದಲ ತೀರಿತು, ಆದರೆ ಮಾತಿನಲ್ಲಿ ವಿಭಕ್ತಿ ಬೀಳುವುದು ಸಾಮಾನ್ಯ. ಇಂಗ್ಲಿಷಿನ ‘ಹೂ’, ‘ಹೂಮ್’, ‘ಹೂಸ್’ ಇಲ್ಲಿ ಸಂದೇಹಕ್ಕೆ ಎಡೆಯೇ ಕೊಡುವುದಿಲ್ಲ. ಇನ್ನೊಂದು: ‘ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳು’ ಎಂದಾಗ ‘ಬಾಳಿದ’ ಎಂಬುದು ಹೆಚ್ಚಿನ ಮಾಹಿತಿಯಷ್ಟೇ, ‘ಮಂಜೇಶ್ವರದಲ್ಲಿ ಬಾಳಿದ ಕವಿಗಳು’ ಎಂದಾಗ ಅದೇ ಪದ ಕವಿಗಳಲ್ಲಿ ಕೆಲವರನ್ನು ಮಾತ್ರ ಆರಿಸುತ್ತದೆ. ಇಂಗ್ಲಿಷ್ ಒಂದು ಅಲ್ಪವಿರಾಮದಿಂದ ಈ ಎರಡನ್ನು ಬೇರ್ಪಡಿಸುತ್ತದೆ, ಕನ್ನಡಕ್ಕೆ ಆ ಚಿಹ್ನೆ ಇಲ್ಲ. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಬರೆಯುವಾಗ ನಿಜವಾಗಿ ಎಡವುವ ಜಾಗ ಈ ಅಲ್ಪವಿರಾಮ. ಅಭ್ಯಾಸಪುಸ್ತಕ ಅದಕ್ಕೆ ನಾಲ್ಕು ಸಾಲು ಕೊಟ್ಟು ‘ಹೂ’ ಮತ್ತು ‘ವಿಚ್’ಗಳ ನಡುವಿನ ಆಯ್ಕೆಗೆ ನಾಲ್ಕು ಪುಟ ಕೊಡುತ್ತದೆ.

ದ್ರಾವಿಡ ಭಾಷೆಗಳಲ್ಲಿ ಸಂಬಂಧಾರ್ಥಕ ಸರ್ವನಾಮದ ಬದಲು ಸಂಬಂಧಾರ್ಥಕ ಕೃದಂತವಿದೆ ಎಂಬುದು ಹೊಸ ಶೋಧವಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೇ ಇದನ್ನು ದ್ರಾವಿಡ ಕುಟುಂಬದ ಗುರುತುಗಳಲ್ಲೊಂದಾಗಿ ಎಣಿಸಿದ್ದರು. ಕಿಟ್ಟೆಲ್ 1903ರ ತಮ್ಮ ಕನ್ನಡ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಕೃದಂತರೂಪಗಳನ್ನು ವಿವರವಾಗಿ ಕೊಟ್ಟರು. ‘ಬದಲು’ ಎಂಬ ಶಬ್ದದಲ್ಲೇ ತೊಡಕಿದೆ. ಒಂದರ ಬದಲಿಗೆ ಇನ್ನೊಂದು ಎಂದೊಡನೆ ಮೊದಲನೆಯದು ಮೂಲ, ಎರಡನೆಯದು ಪರಿಹಾರ ಎಂಬ ಭಾವ ಹುಟ್ಟುತ್ತದೆ. ಅಡಿಕೆಯ ಉದಾಹರಣೆಯನ್ನು ತಿರುಗಿಸಿ, ಇಂಗ್ಲಿಷಿನಲ್ಲಿ ಕೃದಂತದ ಬದಲು ಸರ್ವನಾಮಗಳ ಒಂದು ಗುಂಪೇ ಬೇಕಾಗುತ್ತದೆ ಎಂದು ಹೇಳುವ ವ್ಯಾಕರಣ ಪುಸ್ತಕವನ್ನು ನಾನು ಕಂಡಿಲ್ಲ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದಾಗ ಅವರ ಮುಖ್ಯ ತಕರಾರು ಸಂಸ್ಕೃತದ ಅಚ್ಚಿನ ಮೇಲಿತ್ತು. ಇಂಗ್ಲಿಷ್ ತರಗತಿ ಒತ್ತುವ ಅಚ್ಚು ಅದಕ್ಕಿಂತ ಮೆತ್ತಗಿನದು, ಅದನ್ನು ಯಾರೂ ವ್ಯಾಕರಣವೆಂದು ಗುರುತಿಸುವುದೂ ಇಲ್ಲ. ಅದು ಅನುವಾದದ ರೂಪದಲ್ಲಿ ಬರುತ್ತದೆ.

ಗೈಡುಗಳಲ್ಲಿ, ತರಗತಿಯ ಬಾಯಿಮಾತಿನ ಅನುವಾದಗಳಲ್ಲಿ ಆ ಹುಡುಗನ ವಾಕ್ಯ ಹೀಗಾಗುತ್ತದೆ: ‘ಯಾವ ಹುಡುಗನು ಬಹುಮಾನವನ್ನು ಗೆದ್ದನೋ ಆ ಹುಡುಗನು ಇವನು.’ ‘ಹೂ’ ಎಂಬುದಕ್ಕೆ ಒಂದು ಕನ್ನಡ ಪದವನ್ನು ತೋರಿಸಲೇಬೇಕೆಂಬ ಹಟದಿಂದ ಹುಟ್ಟಿದ ವಾಕ್ಯವಿದು. ‘ಯಾವನು... ಅವನು’ ಎಂಬ ಜೋಡಿ ಕನ್ನಡಕ್ಕೆ ಇಂಗ್ಲಿಷಿನಿಂದ ಬಂದದ್ದಲ್ಲ. ಸಂಸ್ಕೃತ ಗ್ರಂಥಗಳ ಟೀಕೆಗಳಲ್ಲಿ, ಕಾನೂನಿನ ಭಾಷೆಯಲ್ಲಿ, ಗಾದೆಯಂಥ ಮಾತುಗಳಲ್ಲಿ ಅದು ಬೇರೂರಿದೆ. ಅದರ ಸ್ಥಾನ ಮಾತ್ರ ಬೇರೆ. ಕೊನೆಯ ‘ಓ’ವನ್ನು ಗಮನಿಸಬೇಕು. ಬರುತ್ತಾನೋ ಇಲ್ಲವೋ ಎಂಬಲ್ಲಿ ಸಂಶಯವನ್ನು ಸೂಚಿಸುವ ‘ಓ’ವೇ ಇದು. ‘ಯಾರು ದುಡಿಯುತ್ತಾರೋ ಅವರಿಗೆ ಕೂಲಿ’ ಎಂಬಲ್ಲಿ ದುಡಿಯುವವರು ಯಾರೆಂದು ಇನ್ನೂ ನಿಶ್ಚಯವಿಲ್ಲ, ಯಾರಾದರೂ ಆಗಬಹುದು. ಆದ್ದರಿಂದ ವಾಕ್ಯ ಸೊಗಸಾಗಿ ನಿಲ್ಲುತ್ತದೆ. ಬಹುಮಾನ ಗೆದ್ದ ಹುಡುಗ ಕಣ್ಣೆದುರೇ ನಿಂತಿರುವಾಗ ಅವನನ್ನು ‘ಯಾವ ಹುಡುಗನು... ಗೆದ್ದನೋ’ ಎನ್ನುವುದು ಇರುವವನನ್ನು ಇಲ್ಲದವನಾಗಿಸಿದಂತೆ. ಅನಿರ್ದಿಷ್ಟಕ್ಕೆ ಒಗ್ಗುವ ರಚನೆಯನ್ನು ನಿರ್ದಿಷ್ಟಕ್ಕೆ ತೊಡಿಸಿದಾಗ ಆಗುವ ಈ ಅಸಹಜತೆಯನ್ನು ನಾವು ‘ಅನುವಾದದ ವಾಸನೆ’ ಎಂದು ಸುಮ್ಮನೆ ಮೂಗು ಮುರಿಯುತ್ತೇವೆ. ವಾಸನೆಗೆ ಕಾರಣ ಇದು.

ಮರಾಠಿಯ ನೆರೆಯಲ್ಲಿ ಈ ಪ್ರಶ್ನೆ ಬೇರೆ ಬಣ್ಣ ತಾಳುತ್ತದೆ. ಮರಾಠಿಗೆ ‘ಜೋ... ತೋ’ ಎಂಬ ನಿಜವಾದ ಸಂಬಂಧಾರ್ಥಕ ಸರ್ವನಾಮಗಳಿವೆ, ‘ಆಲೇಲಾ ಮುಲಗಾ’ ಎಂಬಂಥ ಕೃದಂತವೂ ಇದೆ. ಅಕ್ಕಲಕೋಟೆ ಅಥವಾ ಜತ್ತಿನಲ್ಲಿ ಮರಾಠಿ ಮಾಧ್ಯಮದಲ್ಲಿ ಕಲಿಯುವ ಕನ್ನಡದ ಮಗುವಿಗೆ ‘ಹೂ’ ಎಂಬುದು ‘ಜೋ’ ಮೂಲಕವೇ ಪರಿಚಯವಾಗುತ್ತದೆ. ಮನೆಮಾತಿನ ‘ಬಂದ ಹುಡುಗ’ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಸೀಮೆಯ ಇತಿಹಾಸ ನೋಡಿದರೆ ಭಾಷೆಗಳು ಇಷ್ಟು ದೂರದೂರ ಬದುಕಿದವಲ್ಲ. ಸಾಂಗಲಿ ಬಳಿಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಶತಮಾನಗಳ ಒಡನಾಟದಿಂದ ಶಬ್ದಗಳನ್ನು ಬೇರೆಬೇರೆ ಉಳಿಸಿಕೊಂಡೇ ವಾಕ್ಯದ ಕಟ್ಟನ್ನು ಒಂದಾಗಿಸಿಕೊಂಡದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಮಂಗೇಶ ನಾಡಕರ್ಣಿ 1975ರ ತಮ್ಮ ಲೇಖನದಲ್ಲಿ ಚರ್ಚಿಸಿದ್ದು ನೇರವಾಗಿ ನಮ್ಮ ವಿಷಯವನ್ನೇ: ಕನ್ನಡದ ನಡುವೆ ಬಾಳಿದ ಸಾರಸ್ವತ ಕೊಂಕಣಿ ತನ್ನ ಇಂಡೋ-ಆರ್ಯ ಸಂಬಂಧಾರ್ಥಕ ರಚನೆಯನ್ನು ಬಿಟ್ಟು ಕನ್ನಡದ ಮಾದರಿಯನ್ನು ಕೈಗೊಂಡ ಬಗೆ. ದಖನಿಯೂ ಅಷ್ಟೆ, ‘ಕಿಯಾ ಸೊ ಕಾಮ್’ ಎಂಬಲ್ಲಿ ‘ಮಾಡಿದ ಕೆಲಸ’ದ ನೆರಳು ಸ್ಪಷ್ಟ, ಆದವಾನಿಯ ಪೇಟೆಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರ್ವನಾಮವಿದ್ದ ಭಾಷೆಗಳೇ ಅದನ್ನು ಬಿಟ್ಟು ಕೃದಂತದ ಕಡೆಗೆ ವಾಲಿದ ನೆಲದಲ್ಲಿ, ಕೃದಂತವನ್ನು ಕೊರತೆಯೆಂದು ಕಲಿಸಲಾಗುತ್ತಿದೆ.

ಇದೆಲ್ಲ ಶಾಲೆಯ ಒಂದು ಅಧ್ಯಾಯದ ಮಾತಲ್ಲವೇ, ಇಷ್ಟೊಂದು ಕಳವಳವೇಕೆ ಎಂದು ಕೇಳಬಹುದು. ಧಾರವಾಡದಲ್ಲೋ ಮೈಸೂರಿನಲ್ಲೋ ಕಲಿಯುವ ಮ��ುವಿಗೆ ಗೈಡಿನ ಕೆಟ್ಟ ಕನ್ನಡವೊಂದು ಬಿದ್ದರೆ ಅದನ್ನು ತೊಳೆಯಲು ಪತ್ರಿಕೆ, ಬಸ್ಸಿನ ಫಲಕ, ಕಚೇರಿಯ ಅರ್ಜಿ, ಭಾಷಣ ಎಲ್ಲ ಇವೆ. ಗಡಿಯಾಚೆಯ ಮಗುವಿಗೆ ಬರವಣಿಗೆಯ ಕನ್ನಡ ಸಿಗುವ ಜಾಗಗಳು ಕೆಲವೇ. ಶಾಲೆ ಅವುಗಳಲ್ಲಿ ದೊಡ್ಡದು. ಸಂವಿಧಾನದ 350-ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುತ್ತದೆ. ಕೇರಳ ಕನ್ನಡ ಮಾಧ್ಯಮದ ಪಠ್ಯಗಳನ್ನು ಅಚ್ಚು ಹಾಕಿಸುತ್ತದೆ. ಮಹಾರಾಷ್ಟ್ರದ ಬಾಲಭಾರತಿಯೂ ಹಾಕಿಸುತ್ತದೆ. ಈ ಸೌಕರ್ಯಗಳಿಗಾಗಿ ನಾವು ಹೋರಾಡುವುದು ಪುಸ್ತಕದ ಸಂಖ್ಯೆ, ಅಧ್ಯಾಪಕರ ನೇಮಕಾತಿ, ತರಗತಿಯ ಉಳಿವು ಇವುಗಳ ಲೆಕ್ಕದಲ್ಲಿ. ಅವು ಬೇಕೇಬೇಕು. ಆದರೆ ಕನ್ನಡ ತರಗತಿಯಲ್ಲಿ ಕಲಿತ ಕನ್ನಡವನ್ನು ಪಕ್ಕದ ಕೋಣೆಯ ಇಂಗ್ಲಿಷ್ ತರಗತಿ ಬಿಚ್ಚಿಹಾಕುತ್ತಿದ್ದರೆ ಆ ಲೆಕ್ಕ ಎಲ್ಲಿ ಬರೆಯುವುದು? ಮಗು ಅಲ್ಲಿ ಕಲಿಯುವುದು ಎರಡು: ತನ್ನ ಭಾಷೆಗೆ ಒಂದು ಅಂಗ ಊನವಾಗಿದೆ ಎಂಬುದು, ಆ ಊನವನ್ನು ತುಂಬಿದ ‘ಯಾವ... ಆ’ ಕನ್ನಡವೇ ಹೆಚ್ಚು ಗಂಭೀರವಾದ ಕನ್ನಡ ಎಂಬುದು. ಮುಂದೆ ಅದೇ ಮಗು ಅರ್ಜಿ ಬರೆಯುತ್ತದೆ, ವರದಿ ಬರೆಯುತ್ತದೆ, ಸಂಶೋಧನ ಪ್ರಬಂಧವನ್ನೂ ಬರೆಯುತ್ತದೆ. ನಮ್ಮ ವಿದ್ವತ್ ಪತ್ರಿಕೆಗಳ ಗದ್ಯದಲ್ಲಿ, ಈ ಪತ್ರಿಕೆಯನ್ನೂ ಬಿಡದೆ, ಆ ವಾಕ್ಯಗಳನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಅನುವಾದಕರು ಈ ಗಂಟನ್ನು ಬಿಡಿಸಿದ ಬಗೆ ಅಧ್ಯಾಪಕರಿಗೆ ಪಾಠವಾಗಬಲ್ಲದು. ಎ. ಕೆ. ರಾಮಾನುಜನ್ ಹಳೆಯ ತಮಿಳು ಕವಿತೆಗಳನ್ನು ಇಂಗ್ಲಿಷಿಗೆ ತರುವ ಕುರಿತು ಬರೆಯುತ್ತ, ತಮಿಳಿನ ವಾಕ್ಯ ಎಡಕ್ಕೆ ಕವಲೊಡೆಯುತ್ತದೆ, ಇಂಗ್ಲಿಷಿನದು ಬಲಕ್ಕೆ. ಒಂದು ಇನ್ನೊಂದರ ಕನ್ನಡಿಬಿಂಬ ಎಂಬ ಮಾತನ್ನು ವಿಸ್ತರಿಸಿದ್ದರು. ಕೃದಂತಗಳ ಸಾಲು ಒಂದರ ಮೇಲೊಂದು ಏರಿ ಕಡೆಗೆ ನಾಮಪದ ಕಾಣಿಸಿಕೊಳ್ಳುವ ಕವಿತೆಯನ್ನು ‘ಹೂ’, ‘ವಿಚ್’ಗಳ ಸರಪಳಿಯಾಗಿ ತಿರುಗಿಸಿದರೆ ಅರ್ಥ ಉಳಿಯುತ್ತದೆ, ಕಾಯುವಿಕೆ ಉಳಿಯುವುದಿಲ್ಲ. ಆದ್ದರಿಂದ ಪದಕ್ಕೆ ಪದವಲ್ಲ, ಚಿತ್ರಗಳು ಬಿಚ್ಚಿಕೊಳ್ಳುವ ಕ್ರಮಕ್ಕೆ ಸಮನಾದದ್ದನ್ನು ಇಂಗ್ಲಿಷಿನ ಸಾಲುಗಳ ಜೋಡಣೆಯಲ್ಲಿ ಹುಡುಕಬೇಕಾಗುತ್ತದೆ. ಎರಡು ವ್ಯಾಕರಣಗಳು ಸಮಾನಸ್ಕಂಧವೆಂದು ಒಪ್ಪಿದವನು ಮಾತ್ರ ಹೀಗೆ ಹುಡುಕಬಲ್ಲ. ಅಭ್ಯಾಸಪುಸ್ತಕದಲ್ಲಿ ಈ ಒಪ್ಪಿಗೆ ಇಲ್ಲ. ಅಲ್ಲಿ ಕೂಡಿಸುವ ಕೆಲಸ ಯಾವಾಗಲೂ ಇಂಗ್ಲಿಷಿನ ಕಡೆಗೆ ಮಾತ್ರ.

ವ್ಯಾಕರಣಾಭ್ಯಾಸವನ್ನೇ ಬಿಟ್ಟುಬಿಡಬೇಕು ಎಂಬ ವಾದವೂ ನಮ್ಮ ನೆಲದಲ್ಲೇ ಗಟ್ಟಿಯಾಗಿ ಕೇಳಿಬಂದಿತ್ತು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ರೂಪದ ಮೇಲೆ ಗಮನವಿಡದೆ ಅರ್ಥದ ಕೆಲಸದಲ್ಲಿ ಮುಳುಗಿದಾಗ ವ್ಯಾಕರಣ ತಾನಾಗಿ ಕೂಡಿಬರುತ್ತದೆ ಎಂಬುದು ಅದರ ನಂಬಿಕೆ. ನಕ್ಷೆ ಓದುವುದು, ರೈಲಿನ ವೇಳಾಪಟ್ಟಿಯಿಂದ ಲೆಕ್ಕ ಹಾಕುವುದು ಇಂಥ ಕೆಲಸಗಳಲ್ಲಿ ಮಕ್ಕಳು ತೊಡಗುತ್ತಿದ್ದರು. ಪ್ರಭು ಅವರ ಒಳನೋಟವನ್ನು ನಾನು ಗೌರವಿಸುತ್ತೇನೆ, ಅದು ಗಡಿನಾಡಿಗೆ ಪೂರ್ತಿ ಸಾಲದು ಎಂದೂ ಭಾವಿಸುತ್ತೇನೆ. ಮೂರು, ನಾಲ್ಕು ಭಾಷೆಗಳ ನಡುವೆ ಓಡಾಡುವ ಮಗುವಿಗೆ ರೂಪಗಳ ಬಗೆಗಿನ ಕುತೂಹಲ ಕೃತಕವಾಗಿ ಹುಟ್ಟಿಸಬೇಕಾದದ್ದಲ್ಲ. ಅದು ಈಗಾಗಲೇ ಇದೆ. ಅಜ್ಜಿಯ ಜತೆ ‘ಬೈಂದ’, ಗೆಳೆಯನ ಜತೆ ‘ವನ್ನು’, ಪುಸ್ತಕದಲ್ಲಿ ‘ಬಂದಿದ್ದಾನೆ’ ಎನ್ನುವ ಮಗು ದಿನಕ್ಕೆ ಹತ್ತು ಬಾರಿ ತೌಲನಿಕ ವ್ಯಾಕರಣವನ್ನು ಮಾಡುತ್ತಿದೆ. ಅದರ ಅರಿವನ್ನು ಮೇಜಿನ ಮೇಲೆ ತರುವ ಅಭ್ಯಾಸ ಬೇಡವೆಂದರೆ ಕೈಯಲ್ಲಿರುವುದನ್ನು ಚೆಲ್ಲಿದಂತೆ.

ಅಂಥ ಅಭ್ಯಾಸದ ಒಂದು ಮಾದರಿಯನ್ನು ಇಲ್ಲಿಯೇ ಕೊಡಬಹುದು. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ, ನೀವು ಇರಲಿಲ್ಲ.’ ‘ನೀವು ಇದ್ದಿದ್ದರೆ ಪುಸ್ತಕ ಕೊಟ್ಟು ಹೋಗುತ್ತಿದ್ದೆ.’ ‘ನೀವು ಕೇಳಿದ್ದ ಪುಸ್ತಕ ಇದೇ.’ ಮೂರೇ ವಾಕ್ಯ, ಒಂದೇ ಸಂದರ್ಭ. ಮೊದಲನೆಯದನ್ನು ಇಂಗ್ಲಿಷಿಗೆ ತರುವಾಗ ‘ಹ್ಯಾಡ್’ ಬಿಡಬೇಕಾಗುತ್ತದೆ, ಬಿಟ್ಟಾಗ ಏನು ಕಳೆಯಿತೆಂದು ಕೇಳಬಹುದು. ಎರಡನೆಯದರಲ್ಲಿ ಅದನ್ನು ಇಟ್ಟುಕೊಳ್ಳಲೇಬೇಕು. ಮೂರನೆಯದರಲ್ಲಿ ಕೃದಂತದೊಳಗೇ ಪೂರ್ಣಭೂತ ಅಡಗಿದೆ. ‘ಕೇಳಿದ ಪುಸ್ತಕ’ಕ್ಕೂ ‘ಕೇಳಿದ್ದ ಪುಸ್ತಕ’ಕ್ಕೂ ವ್ಯತ್ಯಾಸವುಂಟು. ಎರಡನೆಯದರಲ್ಲಿ ಕೇಳಿ ಒಂದಿಷ್ಟು ದಿನವಾಗಿದೆ, ತಂದವನು ನೆನಪಿಟ್ಟುಕೊಂಡಿದ್ದಾನೆ. ಇಂಗ್ಲಿಷಿನಲ್ಲಿ ಅಲ್ಲಿ ಸರ್ವನಾಮವನ್ನು ಹಾಕಲೂಬಹುದು, ಬಿಡಲೂಬಹುದು. ಬಿಟ್ಟರೆ ವಾಕ್ಯ ಕನ್ನಡಕ್ಕೆ ತುಸು ಹತ್ತಿರವಾಗಿ ಕೇಳಿಸುತ್ತದೆ, ನಾಮಪದ ಮಾತ್ರ ಇನ್ನೂ ಮುಂದೆಯೇ ನಿಂತಿರುತ್ತದೆ. ತಲಪಾಡಿಯಾಚೆಯ ಒಂದು ತರಗತಿ ಇವೇ ಮೂರು ವಾಕ್ಯಗಳನ್ನು ಮಲಯಾಳಕ್ಕೂ ತುಳುವಿಗೂ, ಅಕ್ಕಲಕೋಟೆಯ ಒಂದು ತರಗತಿ ಮರಾಠಿಗೂ ತಿರುಗಿಸಿದರೆ ಮೂರನೆಯ ವಾಕ್ಯದ ‘ಕೇಳಿದ್ದ’ ಎಲ್ಲೆಲ್ಲಿ ಒಂದೇ ಪದವಾಗಿ ಉಳಿಯುತ್ತದೆ, ಎಲ್ಲೆಲ್ಲಿ ಒಡೆದು ಎರಡಾಗುತ್ತದೆ ಎಂಬುದನ್ನು ಮಕ್ಕಳೇ ಕರಿಹಲಗೆಯ ಮೇಲೆ ಬರೆದು ತೋರಿಸಬಲ್ಲರು.